ಹದಿನೆಂಟು ಪುಟ, ಹತ್ತು ನಿಮಿಷ

ಅಪ್ಪನಿಗೆ ಸ್ಟೆಂಟ್ ಹಾಕಿ ಐದು ಗಂಟೆ ಆಗಿತ್ತು. ಹೃದ್ರೋಗಿಗಳ ತೀವ್ರ ನಿಗಾ ಘಟಕ, ಸಿಸಿಯು ಹೊರಗಿನ ಕುರ್ಚಿಗಳಲ್ಲಿ ನಾನು, ಅಮ್ಮ, ಸೋದರಮಾವ ಕೂತಿದ್ದೆವು. ರಾತ್ರಿ ಒಂಬತ್ತರ ಹೊತ್ತು. ನೀಲಿ ಫೈಲು ಹಿಡಿದ ಹುಡುಗಿಯೊಬ್ಬಳು ಬಂದು ಅಪ್ಪನ ಹೆಸರು ಹೇಳಿ, "ಅವರ ಕಡೆಯವರು ನೀವೇನಾ ಮೇಡಂ?" ಎಂದು ಕೇಳಿದಳು. ತಾನು ರಿಸರ್ಚ್ ಕೋಆರ್ಡಿನೇಟರ್ ಎಂದಳು. ಹಾರ್ಟ್ ಅಟ್ಯಾಕ್ ಆದವರಿಗಾಗಿ ಒಂದು ಕ್ಲಿನಿಕಲ್ ಟ್ರಯಲ್, ಅಂದರೆ ಚಿಕಿತ್ಸೆ ಕೆಲಸ ಮಾಡುತ್ತದಾ ಎಂದು ರೋಗಿಗಳಲ್ಲಿ ಪರೀಕ್ಷಿಸುವ ಅಧ್ಯಯನ, ನಡೆಯುತ್ತಿದೆ, ಅಪ್ಪ ಅದಕ್ಕೆ ಹೊಂದುತ್ತಾರೆ, ಅವರನ್ನು ಕೇಳಿದರೆ "ಮನೆಯವರನ್ನು ಕೇಳಿ" ಅಂದರು ಎಂದಳು. ನನ್ನ ಕೈಗೆ ಒಂದು ಕಟ್ಟು ಕಾಗದ ಕೊಟ್ಟಳು. ಹದಿನೆಂಟು ಪುಟ. ಕನ್ನಡದಲ್ಲೇ ಇತ್ತು.

"ಇವತ್ತೇ ಸೇರಿಸಿಕೊಳ್ಳಬೇಕು ಮೇಡಂ, ಟೈಮ್ ಜಾಸ್ತಿ ಇಲ್ಲ. ಹತ್ತು ನಿಮಿಷ ಓದಿ ನೋಡಿ."

ನನಗೆ ಅಕ್ಷರ ಕಣ್ಣಿಗೆ ಬೀಳುತ್ತಿದ್ದವು, ತಲೆಗೆ ಹೋಗುತ್ತಿರಲಿಲ್ಲ. ಅಮ್ಮ ಮೂರನೇ ಪುಟ ಇಸಿದುಕೊಂಡು, ಬೆರಳಿಟ್ಟು ಒಂದು ಪದ ತೋರಿಸಿದಳು. "ದ್ವಿ-ಅಂಧ ಅಧ್ಯಯನ" ಎಂದಿತ್ತು. "ಅಂಧ ಅಂತ ಬರೆದಿದ್ದಾರಲ್ಲೇ. ಈ ಮಾತ್ರೆ ತಗೊಂಡ್ರೆ ಕಣ್ಣು ಹೋಗುತ್ತಾ?"

ಆ ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮಾವ ಎದ್ದು ನಿಂತಿದ್ದರು. "ಇವೆಲ್ಲ ನಮ್ಮಂಥವರ ಮೇಲೆ ಪ್ರಯೋಗ ಮಾಡೋಕೆ. ಸಹಿ ಗಿಹಿ ಹಾಕಬೇಡಿ." ನಾನು ಕಾಗದ ವಾಪಸ್ ಚಾಚಿದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. "ಪರವಾಗಿಲ್ಲ ಮೇಡಂ, ನಿಮ್ಮ ಟ್ರೀಟ್‌ಮೆಂಟ್‌ಗೆ ಇದರಿಂದ ಏನೂ ಆಗಲ್ಲ. ಕಾಪಿ ನಿಮ್ಮ ಹತ್ರಾನೇ ಇರಲಿ" ಎಂದು ಹೋದಳು. ಆ ಕಾಪಿ ಔಷಧಿ ಬಿಲ್ಲುಗಳ ಜೊತೆ ಬ್ಯಾಗಿನ ತಳಕ್ಕೆ ಸೇರಿತು.

ಅಪ್ಪ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಅರಸೀಕೆರೆಯಲ್ಲಿ ಮನೆ. ಮಾಗಿ ಚಳಿಯ ಒಂದು ನಸುಕಿನಲ್ಲಿ ಎದೆ ಹಿಂಡಿದ ಹಾಗಾಯಿತು. ಗ್ಯಾಸ್ಟ್ರಿಕ್ ಇರಬೇಕು ಎಂದು ಜೀರಿಗೆ ಕಷಾಯ ಕುಡಿದರು. ಸ್ವಲ್ಪ ಹೊತ್ತು ಮಲಗಿದರು. ಎಡಗೈ ಜೋಮು ಹಿಡಿದ ಮೇಲೆ ಅಮ್ಮ ಹೆದರಿ ಪಕ್ಕದ ಮನೆಯವರನ್ನು ಎಬ್ಬಿಸಿದಳು. ಆಸ್ಪತ್ರೆ ಮುಟ್ಟುವಾಗ ನೋವು ಶುರುವಾಗಿ ನಾಲ್ಕು ಗಂಟೆ ಕಳೆದಿತ್ತು. ನಾವು ಎಷ್ಟು ತಡ ಮಾಡಿದೆವು ಎಂದು ತಿಂಗಳುಗಟ್ಟಲೆ ಕೊರಗಿದ್ದೇನೆ. ಆಮೇಲೆ ಒಂದು ಲೆಕ್ಕ ಓದಿದೆ. 2008ರಲ್ಲಿ ಪ್ರಕಟವಾದ ಕ್ರಿಯೇಟ್ ಎಂಬ ಅಧ್ಯಯನ, ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರು ಮುಂದೆ ನಿಂತು ನಡೆಸಿದ್ದು. ದೇಶದ 50 ಊರುಗಳ 89 ಆಸ್ಪತ್ರೆಗಳಲ್ಲಿ 20,468 ರೋಗಿಗಳನ್ನು ನೋಡಿದ್ದರು. ನೋವು ಶುರುವಾಗಿ ಆಸ್ಪತ್ರೆ ಸೇರಲು ಅರ್ಧದಷ್ಟು ಜನರಿಗೆ 360 ನಿಮಿಷವೋ ಅದಕ್ಕಿಂತ ಹೆಚ್ಚೋ ಹಿಡಿದಿತ್ತು. ಆರು ಗಂಟೆ! ಅದರಲ್ಲೇ ಇನ್ನೊಂದು ಲೆಕ್ಕವೂ ಇತ್ತು. ಒಂದು ತಿಂಗಳೊಳಗೆ ತೀರಿಕೊಂಡವರು ಬಡವರಲ್ಲಿ ನೂರಕ್ಕೆ 8.2, ಉಳ್ಳವರಲ್ಲಿ 5.5. ಬಡವರಿಗೆ ಸಿಗಬೇಕಾದ ಔಷಧಿ, ಚಿಕಿತ್ಸೆ ಅಷ್ಟಾಗಿ ಸಿಕ್ಕಿರಲಿಲ್ಲ.

ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದವರೇ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಟ್ಟರು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಅದು ಉಚಿತ. ಹೊರಗೆ ಅದರ ಬೆಲೆ ಕೇಳಿದರೆ ಎದೆ ಇನ್ನೊಮ್ಮೆ ಹಿಂಡುತ್ತದೆ. ಡ್ರಿಪ್ ಹಾಕಿ ಗಂಟೆಗಟ್ಟಲೆ ಕಾಯುವ ಮದ್ದಲ್ಲ ಅದು, ಒಂದೇ ಸಲ ಚುಚ್ಚಿ ಮುಗಿಸುತ್ತಾರೆ. ಹಾಗೆ ಒಂದೇ ಸಲ ಕೊಟ್ಟರೂ ಹಳೆಯ ಮದ್ದಿನಷ್ಟೇ ಜೀವ ಉಳಿಯುತ್ತದೆ ಎಂದು ಗೊತ್ತಾದದ್ದು 1999ರ ಒಂದು ಟ್ರಯಲ್‌ನಿಂದ. ಅಸೆಂಟ್-2 ಅದರ ಹೆಸರು. 16,949 ಜನ ಅದರಲ್ಲಿ ಸೇರಿದ್ದರು. ಅಷ್ಟೂ ಜನ ಎದೆನೋವಿನ ಮಧ್ಯೆಯೇ ಹೂಂ ಅಂದವರು, ಇಲ್ಲವೇ ಅವರ ಪರವಾಗಿ ಮನೆಯವರು ಹೂಂ ಅಂದದ್ದು.

ಬೆಂಗಳೂರಿಗೆ ಕರೆತಂದ ಮೇಲೆ ಅಮ್ಮನದು ಒಂದೇ ತಕರಾರು. "ಆಕ್ಸಿಜನ್ ಮಾಸ್ಕ್ ಯಾಕೆ ಹಾಕಿಲ್ಲ? ಟೀವೀಲಿ ಎಲ್ಲರಿಗೂ ಹಾಕ್ತಾರೆ." ನರ್ಸು ಬೆರಳಿಗೆ ಸಿಕ್ಕಿಸಿದ್ದ ಕ್ಲಿಪ್ ತೋರಿಸಿ, "ನೋಡಿ ಅಮ್ಮ, 97 ಇದೆ, ಬೇಕಾಗಿಲ್ಲ" ಎಂದರು. ಅಮ್ಮನಿಗೆ ಸಮಾಧಾನ ಆಗಲಿಲ್ಲ. ನನಗೂ ಆಗಲಿಲ್ಲ ಅಂತಲೇ ಹೇಳಬೇಕು. ದಶಕಗಳ ಕಾಲ ಹಾರ್ಟ್ ಅಟ್ಯಾಕ್ ಆದವರಿಗೆಲ್ಲ ಆಕ್ಸಿಜನ್ ಕೊಡುತ್ತಿದ್ದರು. ಕೊಟ್ಟರೆ ಒಳ್ಳೆಯದೇ ಅಲ್ವಾ ಎಂಬ ನಂಬಿಕೆ. ಸ್ವೀಡನ್‌ನಲ್ಲಿ 6,629 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಕ್ಸಿಜನ್ ಕೊಟ್ಟು ಇನ್ನೊಂದಕ್ಕೆ ಕೊಡದೆ ನೋಡಿದರು. ಇವರೆಲ್ಲರ ರಕ್ತದಲ್ಲಿ ಆಕ್ಸಿಜನ್ ಮಟ್ಟ ಮೊದಲೇ ಸರಿಯಾಗಿತ್ತು. ವರ್ಷದ ಕೊನೆಗೆ ತೀರಿಕೊಂಡವರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ನೂರಕ್ಕೆ ಐದು. 2017ರಲ್ಲಿ ಈ ಫಲಿತಾಂಶ ಬಂತು. ಅಪ್ಪನ ಮುಖದ ಮೇಲೆ ಮಾಸ್ಕ್ ಇಲ್ಲದಿದ್ದದ್ದು ಉದಾಸೀನದಿಂದ ಅಲ್ಲ ಎಂದು ನನಗೆ ತಿಳಿದದ್ದು ಎರಡು ತಿಂಗಳ ಮೇಲೆ.

ಆ ಎರಡು ತಿಂಗಳ ಮೇಲೆ ಒಂದು ಭಾನುವಾರ, ಇನ್ಶೂರೆನ್ಸ್‌ಗೆ ಬಿಲ್ಲು ಹುಡುಕುವಾಗ ಆ ಹದಿನೆಂಟು ಪುಟ ಕೈಗೆ ಸಿಕ್ಕಿತು. ಈ ಸಲ ಊಟದ ಟೇಬಲ್ ಮೇಲೆ ಹರಡಿ, ಕಾಫಿ ಮಾಡಿಕೊಂಡು ಓದಿದೆ. ಪೂರ್ತಿ ಓದಲು ಒಂದು ಗಂಟೆ ಹತ್ತು ನಿಮಿಷ ಬೇಕಾಯಿತು. ಆಸ್ಪತ್ರೆಯ ಕಾರಿಡಾರಿನಲ್ಲಿ ನನಗೆ ಸಿಕ್ಕಿದ್ದು ಹತ್ತು ನಿಮಿಷ.

ದ್ವಿ-ಅಂಧ ಅಂದರೆ ಕಣ್ಣು ಹೋಗುವುದಲ್ಲ. ನಿಜವಾದ ಮಾತ್ರೆ ಯಾರಿಗೆ, ಅದೇ ತರ ಕಾಣುವ ಔಷಧವಿಲ್ಲದ ಮಾತ್ರೆ ಯಾರಿಗೆ ಎಂಬುದು ರೋಗಿಗೂ ಗೊತ್ತಿರುವುದಿಲ್ಲ, ಚಿಕಿತ್ಸೆ ಕೊಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಮನಸ್ಸು ಒಂದು ಕಡೆ ವಾಲುತ್ತದೆ, ಅದಕ್ಕೆ ಹೀಗೆ. "ಇಬ್ಬರಿಗೂ ಗೊತ್ತಿರುವುದಿಲ್ಲ" ಎಂದು ಬರೆದಿದ್ದರೆ ಅಮ್ಮ ಹೆದರುತ್ತಿರಲಿಲ್ಲ. ಇನ್ನೊಂದು ಕಡೆ "ಯಾದೃಚ್ಛಿಕ ಹಂಚಿಕೆ" ಎಂದಿತ್ತು. ಚೀಟಿ ಎತ್ತಿದ ಹಾಗೆ, ಯಾರು ಯಾವ ಗುಂಪು ಎಂದು ಕಂಪ್ಯೂಟರ್ ತೀರ್ಮಾನ ಮಾಡುತ್ತದೆ ಅಂತ ಅರ್ಥ. ಚೀಟಿ ಎತ್ತುವುದು ನಮ್ಮ ಊರಲ್ಲಿ ಯಾರಿಗೆ ಗೊತ್ತಿಲ್ಲ? ಚೀಟಿ ಫಂಡಿನ ಹೆಂಗಸರಿಗೆ ಒಂದೇ ಮಾತಲ್ಲಿ ತಿಳಿಯುವ ವಿಷಯ ಇದು. ಇಂಗ್ಲಿಷ್ ಹಾಳೆಯನ್ನು ಯಾರೋ ಪದಕೋಶ ಇಟ್ಟುಕೊಂಡು ಕನ್ನಡ ಮಾಡಿದ್ದರು. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಎಂಬುದು ನಿಯಮ. ಲಿಪಿ ಕನ್ನಡ ಇದ್ದರೆ ಸಾಲದು. ಈ ಮಾತನ್ನು ನಾನು ಎಷ್ಟು ಜೋರಾಗಿ ಬೇಕಾದರೂ ಹೇಳಲು ತಯಾರಿದ್ದೇನೆ. ಎದೆ ಮೇಲೆ ವೈರು ಅಂಟಿಸಿಕೊಂಡು ಮಲಗಿದವನಿಗೆ ಓದಲು ಕೊಡುವ ಕಾಗದ ಅದು. ಅದರಲ್ಲಿ ಒಂದು ಪದವೂ ಅವನನ್ನು ಹೆದರಿಸಬಾರದು, ಒಂದು ಪದವೂ ಅವನಿಂದ ಏನನ್ನೂ ಮುಚ್ಚಿಡಬಾರದು.

ಆ ಭಾನುವಾರದಿಂದ ನನಗೆ ಇದರ ಗುಂಗು ಹಿಡಿಯಿತು. ಅಪ್ಪನ ಮಾತ್ರೆ ಡಬ್ಬಿಯಿಂದ ಶುರು ಮಾಡಿದೆ. ಎಲ್ಲಕ್ಕಿಂತ ಸಣ್ಣದು, ಎಲ್ಲಕ್ಕಿಂತ ಅಗ್ಗದ್ದು ಆಸ್ಪಿರಿನ್. ಹಾರ್ಟ್ ಅಟ್ಯಾಕ್ ಆದ ಕೂಡಲೇ ಇದನ್ನು ಕೊಟ್ಟರೆ ಜೀವ ಉಳಿಯುತ್ತದೆ ಎಂದು ಖಚಿತವಾದದ್ದು ಐಸಿಸ್-2 ಎಂಬ ಟ್ರಯಲ್‌ನಿಂದ. 1988ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 417 ಆಸ್ಪತ್ರೆಗಳು, 17,187 ರೋಗಿಗಳು. ಆಸ್ಪಿರಿನ್ ಸಿಕ್ಕವರಲ್ಲಿ ಐದು ವಾರದೊಳಗೆ ಹೃದಯ, ರಕ್ತನಾಳದ ತೊಂದರೆಯಿಂದ ತೀರಿಕೊಂಡವರು ನೂರಕ್ಕೆ 9.4, ಸಿಗದವರಲ್ಲಿ 11.8. ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಜೊತೆ ಕೊಟ್ಟಾಗ ನೂರಕ್ಕೆ 8. ಎರಡೂ ಇಲ್ಲದವರಲ್ಲಿ 13.2.

ಈ ಟ್ರಯಲ್‌ನಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಸಂಗತಿ ಇದೆ. ಈ ವಯಸ್ಸಿನವರಿಗೆ ಹೇಗೆ, ಆ ತರದವರಿಗೆ ಹೇಗೆ ಎಂದು ರೋಗಿಗಳನ್ನು ಸಣ್ಣ ಸಣ್ಣ ಗುಂಪಾಗಿ ಒಡೆದು ನೋಡುತ್ತಾ ಹೋದರೆ ತಪ್ಪು ಉತ್ತರ ಸಿಗುತ್ತದೆ ಎಂದು ಸಂಶೋಧಕರು ತೋರಿಸಬೇಕಿತ್ತು. ಅದಕ್ಕೆ ರೋಗಿಗಳನ್ನು ಹುಟ್ಟಿದ ತಾರೀಖು ನೋಡಿ ಹೇಳುವ ರಾಶಿಯ ಪ್ರಕಾರ ಒಡೆದು ಲೆಕ್ಕ ಹಾಕಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ಉಪಯೋಗವೇ ಇಲ್ಲ, ಸ್ವಲ್ಪ ತೊಂದರೆಯೇ ಅನ್ನುವ ಹಾಗೆ ಉತ್ತರ ಬಂತು! ಸಾವಿರಾರು ಜನರನ್ನು ಯಾಕೆ ಸೇರಿಸುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ವಿವರಣೆ ನಾನು ಕಂಡಿಲ್ಲ. "ನಮ್ಮ ಚಿಕ್ಕಪ್ಪನಿಗೆ ಈ ಕಷಾಯ ಕೆಲಸ ಮಾಡಿತು" ಅನ್ನುತ್ತೇವಲ್ಲ, ಅದು ಒಬ್ಬ ಚಿಕ್ಕಪ್ಪನ ಕಥೆ. ಅಪ್ಪ ತುಲಾ ರಾಶಿ. ಆಸ್ಪಿರಿನ್ ದಿನಾ ತಪ್ಪದೆ ತಗೊಳ್ಳುತ್ತಾರೆ.

ಮಾವನ ಹತ್ತಿರ ಇದನ್ನೆಲ್ಲ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು, "ಒಳ್ಳೇದಾದದ್ದು ಹೇಳ್ತೀಯ, ಕೆಟ್ಟದ್ದಾದದ್ದು?" ಎಂದರು. ನ್ಯಾಯವಾದ ಪ್ರಶ್ನೆ. ಕೆಟ್ಟದ್ದೂ ಆಗಿದೆ. ಹಾರ್ಟ್ ಅಟ್ಯಾಕ್ ಆದ ಮೇಲೆ ಕೆಲವರಿಗೆ ಎದೆಬಡಿತ ಲಯ ತಪ್ಪುತ್ತದೆ. ಲಯ ಸರಿಮಾಡುವ ಮಾತ್ರೆ ಕೊಟ್ಟರೆ ದಿಢೀರ್ ಸಾವು ತಪ್ಪುತ್ತದೆ ಎಂದು 1980ರ ದಶಕದಲ್ಲಿ ಅಮೆರಿಕದ ಡಾಕ್ಟರುಗಳು ನಂಬಿದ್ದರು. ಇಸಿಜಿಯಲ್ಲಿ ಲಯ ಸರಿಯಾಗುತ್ತಿದ್ದದ್ದು ಕಣ್ಣಿಗೇ ಕಾಣುತ್ತಿತ್ತು. ಕಾಸ್ಟ್ ಎಂಬ ಟ್ರಯಲ್‌ನಲ್ಲಿ ಅದನ್ನು ಪರೀಕ್ಷಿಸಿದಾಗ ಮಾತ್ರೆ ತಗೊಂಡ 755 ಜನರಲ್ಲಿ 63 ಮಂದಿ ತೀರಿಕೊಂಡರು. ಔಷಧವಿಲ್ಲದ ಮಾತ್ರೆ ತಗೊಂಡ 743 ಜನರಲ್ಲಿ 26 ಮಂದಿ. ಅರ್ಧಕ್ಕೇ ನಿಲ್ಲಿಸಿದರು. ಆ 63 ಜನರ ಮನೆಯವರಿಗೆ ಏನು ಹೇಳುವುದು? ನನಗೆ ಉತ್ತರ ಹೊಳೆದಿಲ್ಲ. ಆದರೆ ಆ ಟ್ರಯಲ್ ನಡೆಯದೇ ಹೋಗಿದ್ದರೆ, ಯಾರ ಲೆಕ್ಕಕ್ಕೂ ಸಿಗದೆ, ಒಳ್ಳೆ ಮಾತ್ರೆ ಎಂಬ ನಂಬಿಕೆಯಲ್ಲೇ ಊರೂರಲ್ಲಿ ಜನ ಸಾಯುತ್ತಾ ಹೋಗುತ್ತಿದ್ದರು.

ಮಾವನ ಭಯಕ್ಕೆ ನಮ್ಮ ದೇಶದಲ್ಲೇ ಕಾರಣ ಇದೆ. ಒಪ್ಪಿಗೆ ಸರಿಯಾಗಿ ಪಡೆಯದೆ ರೋಗಿಗಳನ್ನು ಟ್ರಯಲ್‌ಗೆ ಸೇರಿಸುತ್ತಾರೆ ಎಂದು ಇಂದೋರ್‌ನ ಸ್ವಾಸ್ಥ್ಯ ಅಧಿಕಾರ್ ಮಂಚ್ 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. ಆಮೇಲೆ ನಿಯಮಗಳು ಬಿಗಿಯಾದವು. ಈಗ ಇರುವುದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು. ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ ಉಚಿತವಾಗಿ ಕೊಡಬೇಕು. ಟ್ರಯಲ್‌ನಿಂದಲೇ ಪ್ರಾಣ ಹೋದರೆ 8 ಲಕ್ಷ ರೂಪಾಯಿಯನ್ನು ಮೂಲವಾಗಿಟ್ಟುಕೊಂಡು, ವಯಸ್ಸು ಮತ್ತು ಕಾಯಿಲೆ ಎಷ್ಟು ಗಂಭೀರ ಎಂಬುದನ್ನು ಸೇರಿಸಿ ಪರಿಹಾರ ಲೆಕ್ಕ ಹಾಕುತ್ತಾರೆ. ಗಂಭೀರ ತೊಂದರೆ ಆದರೆ 24 ಗಂಟೆಯೊಳಗೆ ಡಾಕ್ಟರು ವರದಿ ಮಾಡಬೇಕು. ರೋಗಿಗಳಿಗೆ ಅನ್ಯಾಯ ಆಗದ ಹಾಗೆ ನೋಡಿಕೊಳ್ಳುವ ಎಥಿಕ್ಸ್ ಕಮಿಟಿ ಒಪ್ಪದೆ ಯಾವ ಟ್ರಯಲ್ಲೂ ಶುರುವಾಗುವಂತಿಲ್ಲ. ಅದರಲ್ಲಿ ಕನಿಷ್ಠ ಏಳು ಜನ, ಅರ್ಧದಷ್ಟು ಆಸ್ಪತ್ರೆಗೆ ಸಂಬಂಧ ಇಲ್ಲದವರು, ಕಾನೂನು ಬಲ್ಲವರೊಬ್ಬರು, ನಮ್ಮ ನಿಮ್ಮಂಥ ಸಾಮಾನ್ಯರೊಬ್ಬರು ಇರಲೇಬೇಕು. ಓದಲು ಬಾರದವರ ಹೆಬ್ಬೆಟ್ಟು ಒತ್ತಿಸುವಾಗ ಟ್ರಯಲ್‌ಗೆ ಸಂಬಂಧ ಇಲ್ಲದ ಸಾಕ್ಷಿ ಪಕ್ಕದಲ್ಲಿ ಇರಬೇಕು. ಕಾಗದದ ಮೇಲಿನ ನಿಯಮಕ್ಕೂ ವಾರ್ಡಿನಲ್ಲಿ ನಡೆಯುವುದಕ್ಕೂ ದೂರ ಇರಬಹುದು. ಆದರೆ ನಿಯಮ ಇದೆ ಎಂದು ಗೊತ್ತಿದ್ದವನು ಕೇಳಬಲ್ಲ.

ಅಪ್ಪನಿಗೂ ಈ ಹೊತ್ತಿಗೆ ಕುತೂಹಲ ಹುಟ್ಟಿತ್ತು. "ಈಗ ಸೇರಬಹುದಾ?" ಎಂದರು. ಹೀಗೆ ನಾವಿಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತೆವು.

ನಮ್ಮ ದೇಶದ ಟ್ರಯಲ್‌ಗಳೆಲ್ಲ ದಾಖಲಾಗುವುದು ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿ. ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಅದನ್ನು ನಡೆಸುತ್ತದೆ, 2007ರ ಜುಲೈನಲ್ಲಿ ಶುರುವಾದದ್ದು. 2009ರ ಜೂನ್‌ನಿಂದ ನೋಂದಣಿ ಕಡ್ಡಾಯ. ಯಾರು ಬೇಕಾದರೂ ನೋಡಬಹುದು, ದುಡ್ಡಿಲ್ಲ, ಲಾಗಿನ್ ಬೇಕಿಲ್ಲ. ಇರುವುದು ಇಂಗ್ಲಿಷಿನಲ್ಲಿ, ಅದೊಂದು ಕೊರತೆ. ಹುಡುಕುವ ಜಾಗದಲ್ಲಿ ಹಾರ್ಟ್ ಅಟ್ಯಾಕ್ ಎಂದು ಟೈಪ್ ಮಾಡಿದರೆ ಸಾಲದು. ಡಾಕ್ಟರುಗಳ ಪದ ಹಾಕಬೇಕು: ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್, ಅಕ್ಯೂಟ್ ಕರೋನರಿ ಸಿಂಡ್ರೋಮ್, ಸ್ಟೆಮಿ. ಈ ಪದಗಳು ನಿಮ್ಮ ಡಿಸ್ಚಾರ್ಜ್ ಸಮ್ಮರಿಯ ಮೊದಲ ಪುಟದಲ್ಲೇ ಇರುತ್ತವೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಕೂತರೆ ಅರ್ಧ ಕೆಲಸ ಮುಗಿದ ಹಾಗೆ.

ಬರುವ ಪಟ್ಟಿ ಉದ್ದ ಇರುತ್ತದೆ. ಅದರಲ್ಲಿ ಎಂಡಿ ವಿದ್ಯಾರ್ಥಿಗಳ ಥೀಸಿಸ್ ಇರುತ್ತದೆ, ಆಯುರ್ವೇದದ್ದು ಇರುತ್ತದೆ, ಔಷಧ ಕೊಡದೆ ಬರೀ ಗಮನಿಸುವ ಅಧ್ಯಯನಗಳಿರುತ್ತವೆ. ಒಂದೊಂದು ದಾಖಲೆ ತೆರೆದಾಗ ನಾನು ಮೊದಲು ನೋಡುವುದು ಭಾರತದಲ್ಲಿ ಈಗ ಜನರನ್ನು ಸೇರಿಸಿಕೊಳ್ಳುತ್ತಿದ್ದಾರಾ ಎಂಬ ಸಾಲು. ಮುಗಿದದ್ದೇ ಜಾಸ್ತಿ. ಆಮೇಲೆ ಯಾವ ಯಾವ ಊರಿನ ಆಸ್ಪತ್ರೆ ಎಂಬ ಪಟ್ಟಿ. ಬೆಂಗಳೂರು, ಮೈಸೂರು, ಮಣಿಪಾಲ, ಮಂಗಳೂರು ಎಂದು ಕಂಡರೆ ಮುಂದೆ ಓದುತ್ತೇನೆ. ನಂತರ ಯಾರನ್ನು ಸೇರಿಸುತ್ತಾರೆ, ಯಾರನ್ನು ಸೇರಿಸುವುದಿಲ್ಲ. ದುಡ್ಡು ಯಾರದ್ದು ಎಂಬುದೂ ಅಲ್ಲೇ ಇರುತ್ತದೆ. ಎಥಿಕ್ಸ್ ಕಮಿಟಿ ಒಪ್ಪಿದೆಯಾ ಎಂದೂ ಇರುತ್ತದೆ. ಸಾರ್ವಜನಿಕರು ಪ್ರಶ್ನೆ ಕೇಳಲು ಒಬ್ಬರ ಹೆಸರು, ಫೋನ್ ನಂಬರ್ ಕೊಟ್ಟಿರುತ್ತಾರೆ. ಒಂದು ಮಾತು ಮಾತ್ರ ನೆನಪಿಡಬೇಕು. ಅಲ್ಲಿ ಹೆಸರು ಇದೆ ಅಂದ ಮಾತ್ರಕ್ಕೆ ಆ ಔಷಧ ಒಳ್ಳೆಯದು ಎಂದು ಸರ್ಕಾರ ಮುದ್ರೆ ಒತ್ತಿದ ಹಾಗಲ್ಲ. ಅದು ದಾಖಲೆ ಪುಸ್ತಕ. ಮತ್ತೆ, ಟ್ರಯಲ್‌ಗೆ ಸೇರಿಸುತ್ತೇನೆ, ದುಡ್ಡು ಕೊಡಿ ಎಂದು ಯಾರಾದರೂ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹೊರದೇಶದಲ್ಲಿರುವ ನಮ್ಮವರಿಗೆ ಅಮೆರಿಕ ಸರ್ಕಾರದ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ಇದೆ, 2000ದಿಂದ ನಡೆಯುತ್ತಿದೆ, ಬೇರೆ ಬೇರೆ ದೇಶಗಳ ಟ್ರಯಲ್‌ಗಳೂ ಸಿಗುತ್ತವೆ. ಬ್ರಿಟನ್‌ನಲ್ಲಿ ಬಿ ಪಾರ್ಟ್ ಆಫ್ ರಿಸರ್ಚ್ ಎಂಬ ಸೇವೆ ಇದೆ. ದಕ್ಷಿಣ ಏಷ್ಯಾದವರಿಗೆ ಮೊದಲ ಹಾರ್ಟ್ ಅಟ್ಯಾಕ್ ಸರಾಸರಿ 53ನೇ ವಯಸ್ಸಿಗೆ ಬರುತ್ತದೆ, ಉಳಿದ ಕಡೆಯವರಿಗೆ 58.8ಕ್ಕೆ ಎಂದು 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ ತೋರಿಸಿದೆ. ಸುಮಾರು ಆರು ವರ್ಷ ಮೊದಲು. ನಮ್ಮ ಮೈಯಲ್ಲಿ ಬೇಗ ಬರುವ ಕಾಯಿಲೆಗೆ ಔಷಧ ಹುಡುಕುವಾಗ ಆ ಲೆಕ್ಕದಲ್ಲಿ ನಮ್ಮ ಮೈಯೂ ಇರಬೇಕಲ್ವಾ?

ಪಟ್ಟಿ ನೋಡುತ್ತಾ ಹೋದ ಹಾಗೆ ನನಗೆ ಒಂದು ವಿಷಯ ಹೊಳೆಯಿತು. ಹೊಳೆದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ನೋವು ಶುರುವಾಗಿ 12 ಗಂಟೆಯೊಳಗೆ. 24 ಗಂಟೆಯೊಳಗೆ. ಒಂದು ವಾರದೊಳಗೆ. 30 ದಿನದೊಳಗೆ. ಹಾರ್ಟ್ ಅಟ್ಯಾಕ್ ಟ್ರಯಲ್‌ಗಳ ಬಾಗಿಲು ತುಂಬಾ ಬೇಗ ಮುಚ್ಚುತ್ತದೆ. ಬೇರೆ ಕಾಯಿಲೆಯಲ್ಲಿ ರೋಗಿ ಟ್ರಯಲ್ ಹುಡುಕಿಕೊಂಡು ಹೋಗಬಹುದು. ಇಲ್ಲಿ ಟ್ರಯಲ್ಲೇ ರೋಗಿಯನ್ನು ಹುಡುಕಿಕೊಂಡು ಬರುತ್ತದೆ, ಅದೂ ಬದುಕಿನ ಅತಿ ಕೆಟ್ಟ ರಾತ್ರಿಯಲ್ಲಿ, ನೀಲಿ ಫೈಲು ಹಿಡಿದುಕೊಂಡು. ಆಗ ಓದಿ ತಿಳಿದುಕೊಳ್ಳುತ್ತೇವೆ ಅಂದರೆ ಆಗುವ ಮಾತಲ್ಲ. ಎದೆ ಸುಮ್ಮನಿರುವಾಗಲೇ ಮನೆಯಲ್ಲಿ ಈ ಮಾತು ಆಡಿಕೊಂಡಿರಬೇಕು. "ನನಗೆ ಹಾಗೇನಾದರೂ ಆಗಿ ಟ್ರಯಲ್ ಎಂದು ಕೇಳಿದರೆ, ಇಂತಿಂಥದ್ದು ಕೇಳಿ ನೋಡಿ, ಸರಿ ಅನ್ನಿಸಿದರೆ ನನ್ನ ಒಪ್ಪಿಗೆ ಇದೆ" ಎಂದೋ, "ಬೇಡವೇ ಬೇಡ" ಎಂದೋ. ಜಮೀನಿನ ವಿಷಯ, ಒಡವೆ ವಿಷಯ ಮೊದಲೇ ಮಾತಾಡಿಕೊಳ್ಳುತ್ತೇವೆ. ಇದನ್ನು ಮಾತ್ರ ಆಡುವುದಿಲ್ಲ. ಹಾರ್ಟ್ ಅಟ್ಯಾಕ್ ಎಂದು ಬಾಯಲ್ಲಿ ಅಂದರೇ "ಬಿಡ್ತು ಅನ್ನು" ಎನ್ನುತ್ತೇವೆ.

ಆಮೇಲಿನ ಕಾಲದ ಟ್ರಯಲ್‌ಗಳೂ ಇವೆ, ನಿಜ. ಮನೆಗೆ ಬಂದ ಮೇಲೆ ಹೇಗೆ ಬದುಕಬೇಕು ಎಂಬುದರ ಮೇಲೆ. ಅಪ್ಪನಿಗೆ ಯೋಗದ ಮೇಲೆ ಒಲವು, ಅದರ ಬಗ್ಗೆ ಏನಾದರೂ ಇದೆಯಾ ಎಂದರು. ಇತ್ತು, ಮುಗಿದಿತ್ತು. ಯೋಗ-ಕೇರ್ ಅದರ ಹೆಸರು. ದೇಶದ 24 ಆಸ್ಪತ್ರೆಗಳಲ್ಲಿ ಹಾರ್ಟ್ ಅಟ್ಯಾಕ್ ಆದ 3,959 ಜನರನ್ನು ಸೇರಿಸಿ, ಅರ್ಧ ಜನರಿಗೆ ಮೂರು ತಿಂಗಳಲ್ಲಿ 13 ಯೋಗ ತರಗತಿ ಮಾಡಿದ್ದರು. ಸಾವು, ಮತ್ತೊಂದು ಹಾರ್ಟ್ ಅಟ್ಯಾಕ್ ಇಂಥವು ಖಚಿತವಾಗಿ ಕಡಿಮೆ ಆದವು ಎಂದು ಹೇಳಲು ಆಗಲಿಲ್ಲ. ಆದರೆ ಯೋಗ ಮಾಡಿದವರು ತಾವು ಹೆಚ್ಚು ಚೆನ್ನಾಗಿದ್ದೇವೆ ಅಂದರು, ಮೊದಲಿನ ಕೆಲಸಗಳಿಗೆ ಹೆಚ್ಚು ಮರಳಿದರು. ಅಪ್ಪ ಅದನ್ನು ಎರಡು ಸಲ ಓದಿಸಿದರು. "ಇಷ್ಟೇ ಗೊತ್ತಾಯ್ತು ಅಂತ ನೇರವಾಗಿ ಬರೆದಿದ್ದಾರೆ, ಒಳ್ಳೇದು" ಎಂದರು. ಸೇಂಟ್ ಜಾನ್ಸ್‌ನವರದೇ ಇನ್ನೊಂದು ಇತ್ತು. 14 ಆಸ್ಪತ್ರೆ, 806 ರೋಗಿಗಳು. ಆರೋಗ್ಯ ಕಾರ್ಯಕರ್ತರು ಆಸ್ಪತ್ರೆಯಲ್ಲೂ ಮನೆಯಲ್ಲೂ ಹೋಗಿ ಮಾತಾಡಿಸಿ ಮಾತ್ರೆ, ಊಟ, ಬೀಡಿ ಬಿಡುವುದು ಎಲ್ಲ ತಿಳಿಸಿ ಹೇಳಿದರು. ವರ್ಷದ ಮೇಲೂ ಮಾತ್ರೆ ತಪ್ಪಿಸದೆ ತಗೊಳ್ಳುತ್ತಿದ್ದವರು ಆ ಗುಂಪಿನಲ್ಲಿ ಹೆಚ್ಚಿದ್ದರು. ಹೊಸ ಔಷಧ ಇಲ್ಲ, ಮಷೀನು ಇಲ್ಲ. ನನ್ನ ಮಟ್ಟಿಗೆ ಇದು ಬಹಳ ದೊಡ್ಡ ಕೆಲಸ.

ಎಲ್ಲ ಗೊತ್ತಾಗಿ ಮುಗಿದಿದೆ ಎಂದೂ ಅಲ್ಲ. ಅಪ್ಪ ತಗೊಳ್ಳುವ ಮೆಟೊಪ್ರೊಲಾಲ್ ತರದ, ಎದೆಬಡಿತ ನಿಧಾನ ಮಾಡುವ ಮಾತ್ರೆ ಹೃದಯದ ಬಲ ಚೆನ್ನಾಗಿ ಉಳಿದವರಿಗೂ ಬೇಕಾ ಎಂದು ಈಗ ದೊಡ್ಡ ಚರ್ಚೆ. 2025ರ ಆಗಸ್ಟ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ನಡೆದ ಹೃದ್ರೋಗ ತಜ್ಞರ ಸಮ್ಮೇಳನದಲ್ಲಿ ಎರಡು ದೊಡ್ಡ ಟ್ರಯಲ್‌ಗಳ ಫಲಿತಾಂಶ ಬಂತು. ಸ್ಪೇನ್, ಇಟಲಿಯದ್ದು ಉಪಯೋಗ ಕಾಣಲಿಲ್ಲ ಅಂದಿತು, ನಾರ್ವೆ, ಡೆನ್ಮಾರ್ಕ್‌ನದ್ದು ಸ್ವಲ್ಪ ಉಪಯೋಗ ಇದೆ ಅಂದಿತು. ಇದನ್ನು ಓದಿ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬೇಡಿ, ದಯವಿಟ್ಟು. ಡಾಕ್ಟರನ್ನು ಕೇಳಿ.

ಕೊನೆಗೆ ಅಪ್ಪನಿಗೆ ಹೊಂದುವ ಒಂದು ಟ್ರಯಲ್ ಸಿಕ್ಕಿತು, ಬೇರೆ ಆಸ್ಪತ್ರೆಯಲ್ಲಿ. ಇನ್ನೂ ನಡೆಯುತ್ತಿರುವುದರಿಂದ ಯಾವುದು, ಎಲ್ಲಿ ಎಂದು ಬರೆಯುವುದಿಲ್ಲ. ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದೆ. ಮೊದಲು ಅಪ್ಪನ ಹೃದ್ರೋಗ ತಜ್ಞರನ್ನು ಕೇಳಿದೆವು, ಅವರು ಕಾಗದ ನೋಡಿ ಅಡ್ಡಿಯಿಲ್ಲ ಎಂದರು. ನಂತರ ಸ್ಕ್ರೀನಿಂಗ್. ರಕ್ತ ಪರೀಕ್ಷೆ, ಎಕೋ. ಕಿಡ್ನಿಯ ಕ್ರಿಯೇಟಿನಿನ್ ಜಾಸ್ತಿ ಇದ್ದರೆ ಸೇರಿಸುವುದಿಲ್ಲ ಎಂದಿದ್ದರು, ಇರಲಿಲ್ಲ.

ಒಪ್ಪಿಗೆಯ ದಿನ ಒಂದು ಸಣ್ಣ ಕೋಣೆಯಲ್ಲಿ ಕೂತೆವು. ಈ ಸಲವೂ ಒಬ್ಬ ಕೋಆರ್ಡಿನೇಟರ್, ಹಾವೇರಿ ಕಡೆಯ ಹುಡುಗ. ಅವನು ಕಾಗದ ಪಕ್ಕಕ್ಕಿಟ್ಟು ಟೇಬಲ್ ಮೇಲೆ ಎರಡು ಚೀಟಿ ಮಡಿಸಿ ಇಟ್ಟ. "ಒಂದರಾಗ ಖರೇ ಗುಳಗಿ, ಇನ್ನೊಂದರಾಗ ಸುಮ್ನ ಗುಳಗಿ. ಯಾವ್ದು ನಿಮಗ ಬರ್ತದೋ ನನಗೂ ಗೊತ್ತಾಗಂಗಿಲ್ರೀ." ಅಪ್ಪ ತಲೆಯಾಡಿಸಿದರು. ಆಮೇಲೆ ಕೇಳಲು ಶುರು ಮಾಡಿದರು. ನಾವು ಮನೆಯಲ್ಲಿ ಬರೆದುಕೊಂಡು ಹೋಗಿದ್ದೆವು. ನಾನು ಬೇಡ ಅಂದರೆ ನನಗೆ ಯಾವ ಚಿಕಿತ್ಸೆ ಸಿಗುತ್ತದೆ? ಈಗಿನ ಮಾತ್ರೆಗಳು ಮುಂದುವರಿಯುತ್ತವಾ? ಅರಸೀಕೆರೆಯಿಂದ ಬಂದು ಹೋಗುವ ಖರ್ಚು ಯಾರದು? ಮಧ್ಯರಾತ್ರಿ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು? ಬೇರೆ ಆಸ್ಪತ್ರೆಗೆ ಹೋದರೆ ಅಲ್ಲಿನ ಡಾಕ್ಟರಿಗೆ ನಾನು ಯಾವ ಮಾತ್ರೆಯಲ್ಲಿದ್ದೇನೆ ಎಂದು ಹೇಗೆ ಗೊತ್ತಾಗುತ್ತದೆ? ತೆಗೆದ ರಕ್ತ ಏನು ಮಾಡುತ್ತೀರಿ? ಮಧ್ಯದಲ್ಲಿ ಬಿಟ್ಟರೆ ಬೇಜಾರಾ? ಒಂದೂವರೆ ಗಂಟೆ ಹಿಡಿಯಿತು. ಅವನು ಗಡಿಯಾರ ನೋಡಲಿಲ್ಲ. ಯಾವಾಗ ಬೇಕಾದರೂ, ಕಾರಣ ಕೊಡದೆ ಬಿಡಬಹುದು, ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ ಎಂದ. ತುರ್ತಿನಲ್ಲಿ ಚೀಟಿ ಬಿಚ್ಚಿ ನೋಡುವ ವ್ಯವಸ್ಥೆ ಇದೆ ಎಂದ. ಪರ್ಸಿನಲ್ಲಿ ಇಟ್ಟುಕೊಳ್ಳಲು ಫೋನ್ ನಂಬರ್ ಇರುವ ಒಂದು ಕಾರ್ಡ್ ಕೊಟ್ಟ.

ಅಪ್ಪ ಒಂದು ಮಾತು ಕೇಳಿದರು. "ಇದರಿಂದ ನನಗೆ ಒಳ್ಳೇದಾಗುತ್ತಾ?"

"ಗೊತ್ತಿಲ್ರೀ ಸರ್. ಗೊತ್ತಿದ್ರ ಟ್ರಯಲ್ ಯಾಕ ಮಾಡ್ತಿದ್ವಿ?"

ಈ ಉತ್ತರಕ್ಕೇ ಅಪ್ಪ ಒಪ್ಪಿದರು ಎಂದು ನನ್ನ ಅನಿಸಿಕೆ. ಟ್ರಯಲ್ ಅಂದರೆ ಇಲಿಗಳ ಹಾಗೆ ಬಳಸುತ್ತಾರೆ ಎಂಬ ಮಾವನ ಮಾತು ಎಷ್ಟು ತಪ್ಪೋ, ಟ್ರಯಲ್‌ಗೆ ಸೇರಿದರೆ ಎಲ್ಲರಿಗಿಂತ ಒಳ್ಳೆ ಟ್ರೀಟ್‌ಮೆಂಟ್ ಸಿಗುತ್ತದೆ ಎಂಬುದೂ ಅಷ್ಟೇ ತಪ್ಪು. ಅಪ್ಪ ಮನೆಗೆ ಹೋಗಿ ಯೋಚಿಸಿ, ಮೂರು ದಿನ ಬಿಟ್ಟು ಬಂದು ಸಹಿ ಹಾಕಿದರು.

ಈಗ ಏಳು ತಿಂಗಳಾಯಿತು. ಪ್ರತಿ ಭೇಟಿಗೆ ಹೋಗುವಾಗ ಮಾತ್ರೆ ಬಾಟಲಿ ವಾಪಸ್ ಒಯ್ಯಬೇಕು. ಉಳಿದದ್ದನ್ನು ಅವರು ಎಣಿಸುತ್ತಾರೆ. ಅಪ್ಪ ಹಿಂದಿನ ರಾತ್ರಿಯೇ ಒಮ್ಮೆ ಎಣಿಸಿಡುತ್ತಾರೆ, ಡಿಪೋಗೆ ಹೋಗುವ ಮೊದಲು ಚೀಲದ ಚಿಲ್ಲರೆ ಎಣಿಸುತ್ತಿದ್ದ ಹಾಗೆ. ಹೋದ ವಾರ ಊಟದ ಟೇಬಲ್ ಮೇಲೆ ಪೇಪರ್ ಹಾಸಿ, ಹತ್ತು ಹತ್ತರ ಸಾಲು ಮಾಡಿದರು. ಮೂರು ಮಾತ್ರೆ ಜಾಸ್ತಿ ಉಳಿದಿದ್ದವು. ಅತ್ತೆ ಮಗಳ ಮದುವೆಗೆ ತುಮಕೂರಿಗೆ ಹೋದಾಗ ಬಾಟಲಿ ಮರೆತಿದ್ದರು.

"ಮೂರು ತಾನೇ, ಬಿಸಾಕಿ. ಯಾರಿಗೆ ಗೊತ್ತಾಗುತ್ತೆ?" ಎಂದಳು ಅಮ್ಮ.

ಅಪ್ಪ ಕನ್ನಡಕ ಏರಿಸಿಕೊಂಡು, ಟ್ರಯಲ್‌ನವರು ಕೊಟ್ಟ ಡೈರಿ ತೆರೆದರು. ಮದುವೆಯ ಮೂರು ತಾರೀಖು ಹುಡುಕಿದರು. ಒಂದೊಂದರ ಎದುರಿಗೂ "ತಗೊಂಡಿಲ್ಲ" ಎಂದು ಬರೆದರು. ಆಮೇಲೆ ಮೂರು ಮಾತ್ರೆಯನ್ನೂ ಒಂದೊಂದಾಗಿ ಬಾಟಲಿಗೆ ಹಾಕಿ ಮುಚ್ಚಳ ತಿರುಗಿಸಿದರು.